ಬರೀ ಗ್ಯಾಸ್ಟ್ರಿಕ್

ಬಿಸಿನೀರಿಗೆ ಸೋಡಾಪುಡಿ ಸುರಿದು ನೆನೆಹಾಕಿದ್ದ, ಒಲೆಯ ಮೇಲೆ ಹೊಗೆ ಎಳೆಯುವ ರೇಂಜ್‌ಹುಡ್ಡಿನ ಜಾಲರಿಯನ್ನು ಚಂದ್ರಿಕಾ ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಒಗ್ಗರಣೆಯ ಎಣ್ಣೆ, ಕರಿದ ಎಣ್ಣೆ, ಕಿಟಕಿ ತೆರೆಯಲಾಗದ ಚಳಿಗಾಲದ ಹೊಗೆ ಎಲ್ಲ ಸೇರಿ ಬೆಲ್ಲದ ಪಾಕದ ಹಾಗೆ ಕಂದಾಗಿ ಹೆಪ್ಪುಗಟ್ಟಿತ್ತು. ತಿಕ್ಕಿದರೆ ಅದು ಬಿಡುತ್ತಿರಲಿಲ್ಲ, ಜಾಗ ಬದಲಿಸುತ್ತಿತ್ತು. ಜಾಲರಿಯಿಂದ ಬ್ರಷ್ಷಿಗೆ, ಬ್ರಷ್ಷಿನಿಂದ ಬೆರಳ ಸಂದಿಗೆ, ಅಲ್ಲಿಂದ ಬಳೆಗೆ. ಮೊಣಕೈವರೆಗೂ ಜಿಡ್ಡು. ಆದರೂ ಅವಳು ಬೆನ್ನು ತಿರುಗಿಸಿಕೊಂಡೇ ನಿಂತಿದ್ದಳು. ಹಿಂದೆ ಊಟದ ಮೇಜಿನ ಮೇಲೆ ನಡೆಯುತ್ತಿದ್ದುದನ್ನು ನೋಡುವುದಕ್ಕಿಂತ ಈ ಜಿಡ್ಡೇ ವಾಸಿ ಎನ್ನಿಸಿತ್ತು.

ಮೇಜಿನ ಒಂದು ಕಡೆ ಅವಳ ಗಂಡ ರಾಮಮೂರ್ತಿ ಕೈಕಟ್ಟಿ ಕೂತಿದ್ದ. ಇನ್ನೊಂದು ಕಡೆ ಗುರುರಾಜ್ ಫೈಲು ಹರಡಿಕೊಂಡು, ಬೆಳಿಗ್ಗೆ ಇವಳು ಕರಿದಿಟ್ಟ ಮೆಣಸಿನಕಾಯಿ ಬಜ್ಜಿಯ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಕೂತಿದ್ದ. ಗುರುರಾಜ್ ಬೆಂಗಳೂರಿನವನು, ಇಲ್ಲಿ ಯಾವುದೋ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಈ ಪರದೇಶದ ಊರು ಅಪ್ಪರ್ ಹಟ್‌ನಲ್ಲಿ ಕನ್ನಡ ಮಾತಾಡುವ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು. ಆ ಎಲ್ಲ ಮನೆಗಳ ತೆರಿಗೆ ಕಾಗದ, ವಿಮೆ ಕಾಗದ ಭಾನುವಾರಗಳಂದು ಅವನ ಕೈ ಹಾಯ್ದೇ ಹೋಗಬೇಕು. ಇದಕ್ಕೆಲ್ಲ ಅವನು ದುಡ್ಡು ಮುಟ್ಟುವುದಿಲ್ಲ. ಊಟ ಮಾಡುತ್ತಾನೆ. ಮಾಡುವುದನ್ನು ಮನಸಾರೆ ಮಾಡುತ್ತಾನೆ. ಬಜ್ಜಿ ಮುರಿದ ಬೆರಳಿನಿಂದಲೇ ಹಾಳೆ ತಿರುವುತ್ತಾನೆ. ಅವನು ತಿರುವಿದ ಹಾಳೆಯನ್ನು ಬೆಳಕಿಗೆ ಹಿಡಿದರೆ ಮೂಲೆಯಲ್ಲಿ ಹೆಬ್ಬೆರಳಿನಗಲದ ಎಣ್ಣೆ ಕಿಟಕಿ ಕಾಣುತ್ತದೆ.

ಆ ಫೈಲಿನಲ್ಲಿದ್ದದ್ದು ರಾಮಮೂರ್ತಿಯ ಪಿತ್ತಕೋಶ.

ಹಿಂದಿನ ಡಿಸೆಂಬರಿನಲ್ಲಿ ಗಂಡಹೆಂಡಿರು ದಾವಣಗೆರೆಗೆ ಹೋಗಿದ್ದರು. ಚಂದ್ರಿಕಾಳ ತಂಗಿ ಗೀತಾಳ ಮಗಳಿಗೆ ಸೀಮಂತ. ಹೊರಡುವ ಮೊದಲು ಪ್ರಯಾಣದ ವಿಮೆ ಮಾಡಿಸುವಾಗ ಇದೇ ಮೇಜಿನ ಮುಂದೆ ಕೂತು ರಾಮಮೂರ್ತಿ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿದ್ದ. ಈಗಾಗಲೇ ಯಾವುದಾದರೂ ಕಾಯಿಲೆ ಇದೆಯೇ? ಬಿಪಿ ಇಲ್ಲ, ಸಕ್ಕರೆ ಇಲ್ಲ, ಹೃದಯ ಗಟ್ಟಿ. ಇಬ್ಬರೂ ಒಂದೇ ಉಸಿರಿಗೆ ಇಲ್ಲ ಎಂದಿದ್ದರು, ಅವನು ಇಲ್ಲ ಎಂಬ ಚೌಕಕ್ಕೆ ಗುರುತು ಹಾಕಿದ್ದ. ಸುಳ್ಳು ಹೇಳುತ್ತಿದ್ದೇವೆ ಎಂಬ ಎಣಿಕೆ ಇಬ್ಬರ ಮನಸ್ಸಿನಲ್ಲೂ ಇರಲಿಲ್ಲ. ಸುಳ್ಳೂ ಆಗಿರಲಿಲ್ಲ.

ಸೀಮಂತದ ಮಾರನೆಯ ಬೆಳಿಗ್ಗೆ ಷಡ್ಡಕ ಬೆಣ್ಣೆದೋಸೆ ತಿನ್ನಿಸಲು ಕರೆದುಕೊಂಡು ಹೋದ. ವರ್ಷಗಟ್ಟಲೆ ಕನಸಿನಲ್ಲಿ ಮಾತ್ರ ತಿಂದಿದ್ದ ದೋಸೆ, ರಾಮಮೂರ್ತಿ ತಡೆದುಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡು ಮುದುರಿಬಿಟ್ಟ. ಗೀತಾಳ ಮನೆಯಲ್ಲಿ ಸೇರಿದ್ದ ನೆಂಟರೆಲ್ಲ ಒಂದೇ ಮಾತು ಹೇಳಿದರು: ಗ್ಯಾಸ್ಟ್ರಿಕ್. ಒಬ್ಬರು ಓಂಕಾಳು ತಂದರು, ಒಬ್ಬರು ಸೋಡಾ, ಇನ್ನೊಬ್ಬರು ಇಂಗಿನ ನೀರು. ಬೆನ್ನು ತಟ್ಟಿದವರಿದ್ದರು, ತೇಗು ಬಂತಾ ಬಂತಾ ಎಂದು ಬಾಗಿಲಿನಿಂದಲೇ ಕೇಳಿದವರಿದ್ದರು. ಮೈ ಕಾದು ನಡುಕ ಶುರುವಾದ ಮೇಲೆ ಆಟೋದಲ್ಲಿ ಹಾಕಿಕೊಂಡು ಒಂದು ಖಾಸಗಿ ಆಸ್ಪತ್ರೆಗೆ ಓಡಿದರು.

ಅಲ್ಲಿ ಕೃಪಾ ಎಂಬ ಡ್ಯೂಟಿ ಡಾಕ್ಟರು ಪೆನ್ನು ಹಿಡಿದು ಬಂದಳು. ಎಂಬಿಬಿಎಸ್ ಮುಗಿಸಿ ಮುಂದಿನ ಪರೀಕ್ಷೆಗೆ ಓದಿಕೊಳ್ಳುತ್ತಿದ್ದ, ಕತ್ತಿನ ಮೂಳೆ ಎದ್ದು ಕಾಣುವ ಹುಡುಗಿ. ನೋವು ಯಾವಾಗಿನಿಂದ ಎಂದು ಕೇಳಿದಳು. ರಾಮಮೂರ್ತಿಗೆ ಮಾತಾಡಲು ಆಗುತ್ತಿರಲಿಲ್ಲ, ಚಂದ್ರಿಕಾ ಹೇಳಿದಳು. ಈ ನೋವು ಇವತ್ತೇ. ಗ್ಯಾಸ್ಟ್ರಿಕ್ ಮಾತ್ರ ಬಹಳ ವರ್ಷದಿಂದ ಇದೆ. ಹುಡುಗಿ ಇವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡಳು. ನೋಡಿದರೆ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿ ಕೀವು ತುಂಬಿತ್ತು. ಸಂಜೆಯೇ ಆಪರೇಷನ್ ಆಯಿತು. ತನ್ನ ಡ್ಯೂಟಿ ಮುಗಿದ ಮೇಲೂ ಕೃಪಾ ಮನೆಗೆ ಹೋಗದೆ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಚಂದ್ರಿಕಾಳ ಪಕ್ಕ ಕೂತಿದ್ದಳು. ಬಲವಂತ ಮಾಡಿ ಇಡ್ಲಿ ತಿನ್ನಿಸಿದಳು. ಹೆದರಬೇಡಿ ಎಂಬ ಮಾತನ್ನು ಆ ದಿನ ಎಲ್ಲರೂ ಹೇಳಿದ್ದರು, ಕೈ ಹಿಡಿದುಕೊಂಡು ಹೇಳಿದವಳು ಅವಳೊಬ್ಬಳೇ.

ಆಸ್ಪತ್ರೆಗೆ ಕಟ್ಟಿದ್ದು ಇಲ್ಲಿ ಮನೆ ಬೆಚ್ಚಗೆ ಮಾಡಿಸಲೆಂದು ಎತ್ತಿಟ್ಟ ಹಣ. ಹೀಟ್ ಪಂಪು, ಗೋಡೆಯೊಳಗೆ ತುಂಬಿಸುವ ಉಣ್ಣೆಯಂಥ ಹೊದಿಕೆ, ಇವಕ್ಕೆಂದು ಇಟ್ಟದ್ದೆಲ್ಲ ಅಲ್ಲಿ ಕರಗಿತು. ಹೋಗಲಿ, ವಿಮೆ ಇದೆಯಲ್ಲ ಎಂದುಕೊಂಡು ಬಂದು ಕಾಗದ ಕಳಿಸಿದರು. ಮಾರ್ಚಿನಲ್ಲಿ ಉತ್ತರ ಬಂತು. ರೋಗಿಗೆ ಬಹುಕಾಲದಿಂದ ಗ್ಯಾಸ್ಟ್ರಿಕ್ ಇದ್ದುದಾಗಿ ಅವರ ಹೆಂಡತಿಯೇ ಹೇಳಿದ್ದಾರೆಂದು ಆಸ್ಪತ್ರೆಯ ದಾಖಲೆಯಲ್ಲಿದೆ, ಅರ್ಜಿಯಲ್ಲಿ ಅದನ್ನು ಮುಚ್ಚಿಟ್ಟಿದ್ದೀರಿ, ಆದ್ದರಿಂದ ಸದ್ಯಕ್ಕೆ ಹಣ ಕೊಡಲಾಗುವುದಿಲ್ಲ. ಇದನ್ನು ಒಪ್ಪದಿದ್ದರೆ ಹಾಗೆ ಹೇಳಿದವರು ತಮ್ಮ ಮಾತಿನಲ್ಲೇ ವಿವರಣೆ ಬರೆದು ಕಳಿಸತಕ್ಕದ್ದು.

ಚಂದ್ರಿಕಾ ವಿಮೆ ಆಫೀಸಿಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಮರ್ಯಾದೆಯಿಂದಲೇ ಕೇಳಿದಳು: ‘ಗ್ಯಾಸ್ಟ್ರಿಕ್ ವಾಟ್?’

ಚಂದ್ರಿಕಾಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಜಸ್ಟ್ ಗ್ಯಾಸ್ಟ್ರಿಕ್ ಎಂದಳು. ಆ ಹೆಂಗಸು ಗ್ಯಾಸ್ಟ್ರಿಕ್ ಅಲ್ಸರಾ, ಗ್ಯಾಸ್ಟ್ರಿಕ್ ಕ್ಯಾನ್ಸರಾ, ಮತ್ತೇನಾದರೂ ಊತವಾ ಎಂದು ಒಂದೊಂದಾಗಿ ಕೇಳುತ್ತ ಹೋದಳು. ಹೊಟ್ಟೆಯ ಕಾಯಿಲೆಗಳ ಹೆಸರಿನ ಮುಂದೆಲ್ಲ ಆ ಪದ ಬಿರುದಿನ ಹಾಗೆ ಅಂಟಿಕೊಳ್ಳುತ್ತಿತ್ತೇ ಹೊರತು ಒಂಟಿಯಾಗಿ ನಿಲ್ಲುತ್ತಲೇ ಇರಲಿಲ್ಲ. ಹುಟ್ಟಿದಾಗಿನಿಂದ ಇಂಗ್ಲಿಷು ಎಂದುಕೊಂಡು ಆಡಿದ ಮಾತು ಇಂಗ್ಲಿಷೇ ಅಲ್ಲ, ಅದು ತಮ್ಮೂರಿನ ಅಪ್ಪಟ ಕನ್ನಡ ಎಂದು ಅವಳಿಗೆ ಗೊತ್ತಾದದ್ದು ಅಂದು.

ಅದೇ ವಾರ ಅವಳು ಉತ್ತರ ಬರೆದಳು. ಹರಿದು ಬರೆದಳು, ಮತ್ತೆ ಹರಿದು ಬರೆದಳು. ಕವರಿಗೆ ಹಾಕಿ ಸ್ಟ್ಯಾಂಪೂ ಅಂಟಿಸಿದ ಮೇಲೆ ರಾಮಮೂರ್ತಿ ತಡೆದ. ಇರು, ಗುರುರಾಜ್ ಒಂದು ಸಲ ನೋಡಲಿ, ಅವನಿಗೆ ಇಂಥದ್ದೆಲ್ಲ ಗೊತ್ತು. ಕವರು ಅಡುಗೆಮನೆಯ ಡ್ರಾಯರಿಗೆ ಹೋಯಿತು. ರಬ್ಬರ್ ಬ್ಯಾಂಡು, ಮೊಂಬತ್ತಿ, ತಿಂಡಿಯ ಜೊತೆ ಬಂದು ಉಳಿದ ಸೋಯಾ ಸಾಸಿನ ಪೊಟ್ಟಣಗಳ ಕೆಳಗೆ ಸೇರಿತು. ಅವಳು ಕೇಳಿದಾಗಲೆಲ್ಲ ಅವನು ಗುರುರಾಜ್ ನೋಡುತ್ತಿದ್ದಾನೆ ಎನ್ನುತ್ತಿದ್ದ. ಹೀಗೆ ಜೂನ್ ಬಂತು, ಜೊತೆಗೆ ಇಲ್ಲಿಯ ಚಳಿಗಾಲ. ಮಲಗುವ ಕೋಣೆಯ ಗೋಡೆಗೆ ಕಪ್ಪು ಬೂಷ್ಟು ಹಿಡಿಯಿತು. ಹೊಲಿಗೆ ಬಿಚ್ಚಿದ ಗಾಯದ ಮೇಲೆ ಕೈಯಿಟ್ಟುಕೊಂಡು ಗಂಡ ಕೆಮ್ಮುವುದನ್ನು ಕೇಳುತ್ತ ಅವಳು ಎರಡೆರಡು ಸ್ವೆಟರು ಹಾಕಿಕೊಂಡು ಮಲಗಿದಳು.

ಗುರುರಾಜ್ ನೋಡಿದ್ದು ಏನೆಂಬುದು ಈ ಭಾನುವಾರ ಹೊರಗೆ ಬೀಳುತ್ತಿತ್ತು.

ಅವನು ವಿವರಿಸಿದ ರೀತಿ ಹಲ್ವ ಮಾಡುವುದನ್ನು ಹೇಳಿಕೊಟ್ಟಷ್ಟು ಸಲೀಸು. ಆ ಆಸ್ಪತ್ರೆಯ ಮ್ಯಾನೇಜರು ಅವನ ಭಾವಮೈದನಿಗೆ ಗೊತ್ತು. ಗ್ಯಾಸ್ಟ್ರಿಕ್ ಎಂಬ ಸಾಲಿಲ್ಲದ ಹೊಸ ದಾಖಲೆ ಬರುತ್ತದೆ. ಬಿಲ್ಲೂ ಹೊಸದೇ, ಓಡಾಟದ ಖರ್ಚಿಗೆಂದು ಒಂದು ಸ್ವಲ್ಪ ಕೊಬ್ಬಿಸಿದ್ದು. ಹಳೆಯ ದಾಖಲೆ ಹೇಗೆ ತಪ್ಪಾಯಿತೆಂದು ವಿಮೆಯವರು ಕೇಳಿದರೆ, ಡ್ಯೂಟಿ ಡಾಕ್ಟರು ಬೇರೆ ರೋಗಿಯದನ್ನು ಇವರ ಹಾಳೆಗೆ ಬರೆದುಬಿಟ್ಟಳೆಂದು ಆಸ್ಪತ್ರೆಯೇ ಪತ್ರ ಕೊಡುತ್ತದೆ. ಇಷ್ಟಾದ ಮೇಲೆ ಉಳಿಯುವುದು, ಡಾಕ್ಟರು ತನ್ನನ್ನು ಏನೂ ಕೇಳಲೇ ಇಲ್ಲ ಎಂಬ ಚಂದ್ರಿಕಾಳ ಹೇಳಿಕೆ. ಅದನ್ನು ಅವನೇ ಟೈಪ್ ಮಾಡಿ ತಂದಿದ್ದ, ಅವಳು ಸಹಿ ಹಾಕಿದರೆ ಸಾಕು.

ತೆರಿಗೆಯದ್ದು ಇನ್ನೂ ಸೊಗಸು. ಸ್ವಂತದ ಆಸ್ಪತ್ರೆ ಖರ್ಚಿಗೆ ಈ ದೇಶದ ತೆರಿಗೆಯವರು ಏನೂ ಬಿಡುವುದಿಲ್ಲ. ಆದರೆ ಧರ್ಮಕ್ಕೆ ಕೊಟ್ಟರೆ ಮೂರರಲ್ಲೊಂದು ಪಾಲು ವಾಪಸ್ ಕೊಡುತ್ತಾರೆ. ಗುರುರಾಜ್ ಮತ್ತವನ ಗೆಳೆಯರದೊಂದು ಸೇವಾನಿಧಿ ಇತ್ತು. ರಾಮಮೂರ್ತಿ ಈ ಕೈಯಿಂದ ನಿಧಿಗೆ ಚೆಕ್ಕು ಕೊಡುವುದು, ನಿಧಿ ಆ ಕೈಯಿಂದ ಚಿಕಿತ್ಸೆಯ ನೆರವೆಂದು ಅದನ್ನೇ ತಿರುಗಿ ಕೊಡುವುದು. ರಸೀದಿ ಮಾತ್ರ ಇವರ ಹತ್ತಿರ ಉಳಿಯುವುದು.

ಬರೆದಿಟ್ಟ ರಸೀದಿಯನ್ನೂ ಅವನು ತಂದಿದ್ದ. ಚಂದ್ರಿಕಾ ಜಿಡ್ಡಿನ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಮೇಜಿನ ಹತ್ತಿರ ಬಂದು ಬಗ್ಗಿ ಓದಿದಳು. ಬಡ ರೋಗಿಗಳ ಸಹಾಯಾರ್ಥವಾಗಿ ಎಂದಿತ್ತು.

‘ಬಡ ರೋಗಿ ಯಾರ‍್ರೀ ಇದರಲ್ಲಿ?’ ಎಂದು ಗಂಡನನ್ನು ಕೇಳಿದಳು. ‘ನೀವೇನಾ?’

ರಾಮಮೂರ್ತಿ ಬಜ್ಜಿಯ ತಟ್ಟೆ ನೋಡಿದ. ಗುರುರಾಜ್ ನಕ್ಕ. ‘ಅದು ಬರೀ ಲ್ಯಾಂಗ್ವೇಜು ಅತ್ತಿಗೆ. ಎಲ್ಲಾರೂ ಮಾಡ್ತಾರೆ. ನಾವು ಕಟ್ಟಿರೋ ಟ್ಯಾಕ್ಸೇ ತಾನೆ, ನಮ್ದೇ ನಾವು ತಗೊಳ್ಳೋಕೆ ನಾಚಿಕೆ ಏನು?’

ಚಂದ್ರಿಕಾ ರಸೀದಿಯಿಂದ ಕಣ್ಣು ತೆಗೆದಳು. ತಪ್ಪು ಬರೆದಳೆಂದು ಹೇಳುತ್ತೀರಲ್ಲ, ಆ ಡಾಕ್ಟರಿಗೆ ಏನಾಗುತ್ತದೆ ಎಂದು ಕೇಳಿದಳು.

‘ಡ್ಯೂಟಿ ಡಾಕ್ಟರ್ ಅತ್ತಿಗೆ. ಅವರೆಲ್ಲ ಬರ್ತಾ ಇರ್ತಾರೆ, ಹೋಗ್ತಾ ಇರ್ತಾರೆ.’ ಅವನು ಇನ್ನೊಂದು ಬಜ್ಜಿಯ ತೊಟ್ಟು ಹಿಡಿದ. ಎಣ್ಣೆ ಅವನ ಮಣಿಕಟ್ಟಿನವರೆಗೆ ಇಳಿಯಿತು. ಅವಳು ಮತ್ತೆ ಸಿಂಕಿನ ಕಡೆ ತಿರುಗಿದಳು.

ಫೋನು ರಿಂಗಾದಾಗ ಅವಳ ಕೈ ತುಂಬ ಜಿಡ್ಡೇ ಇತ್ತು. ರಾಮಮೂರ್ತಿ ಎದ್ದು ನಂಬರು ನೋಡಿ, ಊರಿನ ಕಡೆಯದು, ಗೀತಾಳೇ ಇರಬೇಕು ಎಂದುಕೊಂಡು, ಹೆಂಡತಿ ಕೈ ತೊಳೆಯುವವರೆಗೆ ಕಾಯುವುದೇಕೆಂದು ಸ್ಪೀಕರಿನ ಗುಂಡಿ ಒತ್ತಿದ. ಗೀತಾ ಅಲ್ಲ. ಚಂದ್ರಿಕಾ ಆಂಟಿ ಇದಾರಾ ಎಂದು ಕೇಳಿದ ದನಿಯನ್ನು, ಆ ಕಡೆಯವಳು ಹೆಸರು ಹೇಳುವ ಮೊದಲೇ ಚಂದ್ರಿಕಾ ಗುರುತು ಹಿಡಿದಳು.

ಅಲ್ಲಿ ಬೆಳಗಿನ ಹೊತ್ತು. ಕೃಪಾ ರಾತ್ರಿ ಡ್ಯೂಟಿ ಮುಗಿಸಿ ಆಸ್ಪತ್ರೆಯ ಹೊರಗಿನಿಂದ ಮಾತಾಡುತ್ತಿದ್ದಳು, ಹಿಂದೆ ಆಟೋಗಳ ಸದ್ದು. ನಂಬರನ್ನು ಹಳೆಯ ಕೇಸ್ ಶೀಟಿನಿಂದ ತೆಗೆದುಕೊಂಡೆ, ತೊಂದರೆಯಾಯಿತಾ ಎಂದು ಕೇಳಿದಳು. ಅಂಕಲ್ ಹೇಗಿದ್ದಾರೆ ಎಂದಳು. ಆಮೇಲೆ, ಮ್ಯಾನೇಜರು ಕರೆಸಿದ್ದರು ಎಂದಳು. ರೋಗಿಯ ಮನೆಯವರು ಅವಳ ಮೇಲೆ ದೂರು ಬರೆದು ಕೊಟ್ಟಿದ್ದಾರಂತೆ, ಕೆಳಗೆ ಅಂಕಲ್ ಸಹಿ ಇದೆಯಂತೆ. ತಪ್ಪು ಒಪ್ಪಿಕೊಂಡು ನಾಳೆಯೊಳಗೆ ಬರೆದುಕೊಡಬೇಕು. ಬರೆದುಕೊಟ್ಟರೆ ಅದು ಅವಳ ಫೈಲಿನಲ್ಲಿ ಕೂರುತ್ತದೆ, ಮುಂದೆ ಎಲ್ಲಿ ಕೆಲಸಕ್ಕೆ ಹೋದರೂ ಹಿಂದೆಯೇ ಬರುತ್ತದೆ.

ದೂರಿನ ಮಾತು ಚಂದ್ರಿಕಾ ಕೇಳಿದ್ದು ಇದೇ ಮೊದಲು. ಅವಳು ಗಂಡನ ಮುಖ ನೋಡಿದಳು. ಅವನು ಫೋನನ್ನೇ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು.

‘ಆಂಟಿ,’ ಎಂದಳು ಕೃಪಾ, ‘ನಾನು ನಿಮ್ಮನ್ನ ಕೇಳಿದ್ದೆ ಅಲ್ವಾ? ಅವ್ರು ಹೇಳ್ತಾ ಹೇಳ್ತಾ ನಂಗೇ ಅನುಮಾನ ಬರ್ತಿದೆ. ಬೇರೆ ಯಾರದ್ದೋ ಬರ್ದುಬಿಟ್ನಾ ಅಂತ. ರಾತ್ರಿಯಿಂದ ಪ್ರತಿ ಪೇಷೆಂಟ್ ಹತ್ರ ಎರಡೆರಡು ಸಲ ಹೆಸರು ಕೇಳ್ತಿದೀನಿ.’

ಇಷ್ಟು ಹೊತ್ತು ಕಾಗದಗಳ ಮೇಲಿದ್ದ ಚಂದ್ರಿಕಾಳ ಹೇಸಿಗೆ ಆಗ ಮನುಷ್ಯರ ಮೇಲೆ ತಿರುಗಿತು. ಸುಳ್ಳು ಕಾಗದ, ಕೊಬ್ಬಿದ ಬಿಲ್ಲು, ಧರ್ಮದ ರಸೀದಿ, ಇವೆಲ್ಲ ಒಂದು ತೂಕ. ಸರಿಯಾಗಿ ಕೇಳಿ ಸರಿಯಾಗಿ ಬರೆದ ಹುಡುಗಿಗೆ ತನ್ನ ಕಿವಿಯ ಮೇಲೇ ನಂಬಿಕೆ ಹೋಗುವ ಹಾಗೆ ಮಾಡಿದ್ದು ಬೇರೆಯೇ. ಅದನ್ನು ಮಾಡಿದವರು ತನ್ನ ಮೇಜಿನ ಮುಂದೆ, ತನ್ನ ತಟ್ಟೆಯಲ್ಲಿ ತಿನ್ನುತ್ತ ಕೂತಿದ್ದಾರೆ.

‘ಕೇಳಿದ್ದಿ ತಾಯಿ,’ ಎಂದಳು. ದನಿ ಏರಲಿಲ್ಲ. ‘ನೀನು ಕೇಳ್ದಿ, ನಾನು ಹೇಳ್ದೆ. ನಾನು ಹೇಳಿದ್ದನ್ನೇ ನೀನು ಬರ್ದಿದ್ದಿ. ಯಾವ ಕಾಗದಕ್ಕೂ ಸೈನ್ ಮಾಡಬೇಡ. ನಾಳೆ ನಿಮ್ಮ ಅಂಕಲ್ಲೇ ಮ್ಯಾನೇಜರಿಗೆ ಫೋನ್ ಮಾಡಿ ಹೇಳ್ತಾರೆ.’

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು. ಸರಿ ಆಂಟಿ ಎಂದಳು ಕೃಪಾ. ಅಂಕಲ್‌ಗೆ ಎಣ್ಣೆ ಪದಾರ್ಥ ಕಮ್ಮಿ ಕೊಡಿ ಎಂದು ಸೇರಿಸಿ ಫೋನ್ ಇಟ್ಟಳು.

ಆಮೇಲೆ ಮೊದಲು ಸದ್ದು ಬಂದದ್ದು ಗುರುರಾಜನ ಹೊಟ್ಟೆಯಿಂದ. ಅವನು ಎದೆಗೂಡಿನ ನಡುವೆ ಮುಷ್ಟಿ ಒತ್ತಿಕೊಂಡು, ಬಾಯಿ ಮುಚ್ಚಿಕೊಂಡೇ ಉದ್ದಕ್ಕೆ ತೇಗಿದ.

‘ಸ್ವಲ್ಪ ಮಜ್ಜಿಗೆ ಇದ್ರೆ ಕೊಡಿ ಅತ್ತಿಗೆ,’ ಎಂದ. ‘ಗ್ಯಾಸ್ಟ್ರಿಕ್ಕು.’

ಚಂದ್ರಿಕಾ ಅಲುಗದೆ ನಿಂತಳು. ‘ಎಷ್ಟು ವರ್ಷದಿಂದ ಇದೆ?’

‘ಅಯ್ಯೋ, ಕಾಲೇಜಿಂದ್ಲೂ ಇದೆ.’

‘ನಿಮ್ಮ ಇನ್ಶೂರೆನ್ಸ್ ಕಾಗದದಲ್ಲಿ ಬರ್ದಿದೀರಾ?’

ಅವನಿಗೆ ನಗು ಬಂತು. ‘ಇದೇನು ಕಾಯಿಲೆನಾ ಬರ್ಯೋಕೆ? ಬರೀ ಗ್ಯಾಸ್ಟ್ರಿಕ್ ಅತ್ತಿಗೆ.’

ಹೇಳಿ ಮುಗಿಸುವಷ್ಟರಲ್ಲಿ ಅವನ ನಗು ಅರ್ಧಕ್ಕೆ ನಿಂತಿತು. ರಾಮಮೂರ್ತಿ ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ.

‘ಇಷ್ಟನ್ನೇ ನಾನು ಮಾರ್ಚಲ್ಲಿ ಬರ್ದಿದ್ದು,’ ಎಂದಳು ಚಂದ್ರಿಕಾ. ‘ಒಂದು ಸ್ಟ್ಯಾಂಪಿನ ಕೆಲಸ.’

ಗುರುರಾಜನಿಗೆ ಈಗ ಸಿಟ್ಟು ಬಂತು. ಅವನು ಹಾಳೆಗಳನ್ನು ಫಟಫಟನೆ ಜೋಡಿಸಿಕೊಂಡ. ತನಗೇನು ಲಾಭ ಇದರಲ್ಲಿ, ತನ್ನ ಭಾನುವಾರ ಕಳೆದುಕೊಂಡು ಇಷ್ಟೆಲ್ಲ ಮಾಡಿದರೆ ಕಳ್ಳನ ಹಾಗೆ ಮಾತಾಡಿಸುತ್ತೀರಿ ಎಂದ. ಈ ದೇಶದ ಆಫೀಸುಗಳಿಗೆ ಕಾಗದ ಸರಿಯಿರಬೇಕು, ಕಥೆ ಬೇಕಾಗಿಲ್ಲ ಎಂದ. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಕೊನೆಯ ಮಾತು ಎಸೆದ: ‘ಕಳ್ಸಿ ಅತ್ತಿಗೆ, ಸತ್ಯ ಬರ್ದು ಕಳ್ಸಿ. ಒಂದು ಕಾಪಿ ಫ್ರೇಮ್ ಹಾಕ್ಸಿ ಬೆಡ್‌ರೂಮಲ್ಲಿ ತೂಗಹಾಕ್ಕೊಳ್ಳಿ. ಆ ಬೂಷ್ಟಾದ್ರೂ ಮುಚ್ಕೊಳ್ಳುತ್ತೆ.’

‘ಬೂಷ್ಟಿಗೆ ಬ್ಲೀಚ್ ಇದೆ ಗುರುರಾಜ್,’ ಎಂದಳು ಅವಳು, ಬಾಗಿಲು ಹಾಕಿದಳು.

ಟೈಪ್ ಮಾಡಿದ ಹೇಳಿಕೆ ಮೇಜಿನ ಮೇಲೇ ಉಳಿದಿತ್ತು, ಸಹಿಯ ಜಾಗದಲ್ಲಿ ಎಣ್ಣೆಯ ಬೊಟ್ಟು. ಅವಳು ಅದರಿಂದಲೇ ಜಾಲರಿಯ ಕೆಳಗೆ ಇಳಿದಿದ್ದ ಕೊಳೆ ಬಳಿದು, ಉಂಡೆ ಮಾಡಿ ಕಸದ ಡಬ್ಬಿಗೆ ಹಾಕಿದಳು. ಮಿಕ್ಕ ಬಜ್ಜಿಯನ್ನೂ ಹಾಕಿದಳು. ಅನ್ನದ ಅಗುಳು ಚೆಲ್ಲಲೂ ಕೈ ಬಾರದವಳು, ಇವತ್ತು ತಟ್ಟೆಯನ್ನು ಕವುಚಿ ತಟ್ಟಿದಳು.

ರಾಮಮೂರ್ತಿ ನಿಧಾನಕ್ಕೆ ಮಾತು ತೆಗೆದ. ದೂರಿನ ವಿಷಯ ಅವಳಿಗೆ ಹೇಳಬೇಕೆಂದೇ ಇದ್ದನಂತೆ. ಗುರುರಾಜ್ ಒಂದು ಕಾಗದ ತಂದ, ಓದಲಿಲ್ಲ, ಹಾಕಿಕೊಟ್ಟೆ ಎಂದ. ಅವಳು ಅವನ ಕಡೆ ನೋಡಿದಳು. ಓದದೆ ಸಹಿ ಹಾಕುವ ಮನುಷ್ಯ ಅವನಲ್ಲ. ಹಾಲಿನ ಬಾಟಲಿಯ ಮೇಲಿನ ಅಕ್ಷರವನ್ನೂ ಕನ್ನಡಕ ಏರಿಸಿ ಓದುವವನು. ಅವಳು ನೋಡುತ್ತಲೇ ಇದ್ದಳು. ಅವನು ತಲೆ ತಗ್ಗಿಸಿ, ‘ಓದಿದ್ದೆ,’ ಎಂದ.

ಆಪರೇಷನ್ ಆದ ಸಂಜೆ, ಇವನನ್ನು ಉಳಿಸಪ್ಪಾ ಎಂದು ಅವಳು ಹೊತ್ತ ಹರಕೆಗೆ ಲೆಕ್ಕವಿರಲಿಲ್ಲ. ಆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದವಳು ಕೃಪಾ. ಅದನ್ನು ಅವನಿಗೆ ಹೇಳಿ ಪ್ರಯೋಜನವಿಲ್ಲ, ಅವನಿಗೆ ಆಗ ಪ್ರಜ್ಞೆ ಇರಲಿಲ್ಲ.

‘ನಾಳೆ ಮ್ಯಾನೇಜರಿಗೆ ಫೋನ್ ಮಾಡ್ರಿ,’ ಎಂದಳು. ‘ನಾನು ಪಕ್ಕದಲ್ಲೇ ನಿಂತಿರ್ತೀನಿ.’

ಅವನು ಹೂಂ ಎಂದ. ಆಮೇಲೆ ಕೇಳಿದ: ‘ನಿನ್ನ ಪತ್ರ ಓದಿ ದುಡ್ಡು ಕೊಡದಿದ್ರೆ?’

‘ಕೊಡದಿದ್ರೆ ಮುಂದಿನ ಚಳಿಗೂ ಎರಡು ಸ್ವೆಟರು.’

ಅವಳು ಕೈ ತೊಳೆಯಲು ನಿಂತಳು. ಪಾತ್ರೆ ಸೋಪಿನಲ್ಲಿ ತೊಳೆದಳು, ಕಡಲೆಹಿಟ್ಟು ಹಚ್ಚಿ ಉಜ್ಜಿದಳು, ನಿಂಬೆಸಿಪ್ಪೆ ಹಾಕಿ ತಿಕ್ಕಿದಳು. ಮೂಗಿನ ಹತ್ತಿರ ತಂದರೆ ಇನ್ನೂ ಕಮಟು. ಒರೆಸಿ ಒಣಗಿಸಿ, ಹಾಳೆಯ ಮೇಲೆ ಕಲೆ ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಡ್ರಾಯರು ತೆಗೆದಳು. ಸಾಸಿನ ಪೊಟ್ಟಣವೊಂದು ಸೋರಿ ಕವರಿನ ಮೂಲೆಗೆ ಅಂಟಿತ್ತು. ಪತ್ರ ಒಳಗೆ ಚೆನ್ನಾಗಿತ್ತು. ಚಾಕುವಿನಿಂದ ಬಿಡಿಸಿ ತೆಗೆದು, ಮೇಜು ಒರೆಸಿ, ಕೂತು ಓದಿದಳು.

ಇಂಗ್ಲಿಷು ಅವಳದೇ, ಮೊಂಡು ಇಂಗ್ಲಿಷು. ಹಾಗೆ ಹೇಳಿದವಳು ನಾನೇ. ಡಾಕ್ಟರು ಸರಿಯಾಗಿ ಬರೆದಿದ್ದಾರೆ. ನಮ್ಮೂರಿನಲ್ಲಿ ತೇಗು ಬಂದರೆ ಗ್ಯಾಸ್ಟ್ರಿಕ್ ಎನ್ನುತ್ತೇವೆ, ಹೊಟ್ಟೆ ಉಬ್ಬರಿಸಿದರೆ ಎನ್ನುತ್ತೇವೆ, ಹಸಿವಾಗದಿದ್ದರೂ ಎನ್ನುತ್ತೇವೆ, ಮದುವೆ ಊಟ ಜಾಸ್ತಿಯಾದರೂ ಅದನ್ನೇ ಎನ್ನುತ್ತೇವೆ. ಇದಕ್ಕೆ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ, ನನ್ನ ಗಂಡನೂ ಹೋಗಿಲ್ಲ. ಈ ಮಾತು ನಮ್ಮಲ್ಲಿಗೆ ಯಾವಾಗ ಬಂತೋ ನನಗೆ ಗೊತ್ತಿಲ್ಲ, ನಿಮ್ಮ ಭಾಷೆಯಿಂದ ತೆಗೆದುಕೊಂಡಿದ್ದೇವೆ, ಆದರೆ ನಿಮ್ಮ ಅರ್ಥದಲ್ಲಿ ಆಡುವುದಿಲ್ಲ. ನನ್ನ ಗಂಡನ ಹಳೆಯ ತೇಗುಗಳ ಒಳಗೆ ಈ ಕಲ್ಲೂ ಇತ್ತೇ ಎಂದು ಕೇಳಿದರೆ, ಅದು ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಕೊನೆಯ ಸಾಲನ್ನು ಮಾರ್ಚಿನಲ್ಲೇ ಹೊಡೆದುಹಾಕು ಎಂದಿದ್ದ ರಾಮಮೂರ್ತಿ. ಅವಳು ಈಗಲೂ ಹಾಗೇ ಬಿಟ್ಟಳು. ಕೆಳಗೆ ಉಳಿದಿದ್ದ ಖಾಲಿ ಜಾಗದಲ್ಲಿ ಎರಡು ವಿಷಯ ಸೇರಿಸಿದಳು. ಈ ದಿನ ನಮ್ಮ ಮನೆಗೆ ಬಂದ ಗಟ್ಟಿಮುಟ್ಟಾದ ಅತಿಥಿಯೊಬ್ಬರು ಬಜ್ಜಿ ತಿಂದು ತಮಗೆ ಗ್ಯಾಸ್ಟ್ರಿಕ್ ಎಂದು ಹೇಳಿ ಮಜ್ಜಿಗೆ ಕೇಳಿದರು. ನನ್ನ ಗಂಡನ ಚಿಕಿತ್ಸೆಯ ಬಗ್ಗೆ ನಿಮಗೆ ಹೊಸ ದಾಖಲೆ, ಹೊಸ ಬಿಲ್ಲು, ಹೊಸ ಹೇಳಿಕೆ ಏನು ಬಂದರೂ ಅದು ನಮ್ಮದಲ್ಲ.

ಆ ಕೊನೆಯ ವಾಕ್ಯದ ಕೆಳಗೆ ತನ್ನ ಸಹಿ ಹಾಕಿ, ಹಾಳೆಯನ್ನು ಗಂಡನ ಮುಂದೆ ಸರಿಸಿ ಪೆನ್ನು ಇಟ್ಟಳು. ಅವನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದ. ಬಹಳ ಹೊತ್ತು ಹಿಡಿಯಿತು. ಓದಿ, ಅವಳ ಸಹಿಯ ಪಕ್ಕ ತನ್ನದನ್ನೂ ಹಾಕಿದ. ಅವಳು ಹಾಳೆಯನ್ನು ಮಡಿಸಿದಳು. ಅವನ ಮೇಲಿನ ಹೇಸಿಗೆ ಇನ್ನೂ ಹೋಗಿರಲಿಲ್ಲ, ಇಷ್ಟು ಬೇಗ ಹೋಗುವುದೂ ಅವಳಿಗೆ ಬೇಕಿರಲಿಲ್ಲ.

ಹೊಸ ಕವರು, ಹೊಸ ಸ್ಟ್ಯಾಂಪು. ಕೋಟು ಹಾಕಿಕೊಂಡು ಅವಳೊಬ್ಬಳೇ ಹೊರಟಳು. ಬೆಟ್ಟದ ನೆರಳು ಆಗಲೇ ರಸ್ತೆಗೆ ಬಿದ್ದಿತ್ತು, ಹುಲ್ಲು ಬೆಳಗಿನ ಹಿಮ ಬಿಡದೆ ಬಿಳಿಯಾಗಿತ್ತು. ಇಲ್ಲಿಯವರು ಡೈರಿ ಎಂದು ಕರೆಯುವ ಮೂಲೆಯ ಚಿಲ್ಲರೆ ಅಂಗಡಿಯ ಮುಂದೆ ಟಪಾಲು ಪೆಟ್ಟಿಗೆ. ಭಾನುವಾರ ಪೆಟ್ಟಿಗೆ ತೆಗೆಯುವುದಿಲ್ಲ ಎಂದು ಅದರ ಮೇಲೇ ಬರೆದಿತ್ತು. ಅವಳು ಕವರನ್ನು ಪೆಟ್ಟಿಗೆಯ ಬಾಯಿಗೆ ಹಾಕಿ ತಳ್ಳಿದಳು.

ಆಮೇಲೆ, ಯಾರಾದರೂ ತಿರುಗಿ ತೆಗೆಯಲು ಬಂದರೆ ಸಿಗುವಂತಿದೆಯೇ ನೋಡೋಣವೆಂದು, ನಾಲ್ಕು ಬೆರಳು ಒಳಗೆ ತೂರಿಸಿ ತಡಕಾಡಿದಳು. ತಗಡಿನ ಅಂಚು ಬಳೆಗೆ ತಾಗಿತು, ಕೈ ಮುಂದೆ ಹೋಗಲಿಲ್ಲ.

ಸಿಗುವಂತಿರಲಿಲ್ಲ.